ಒಡಪಿನಲ್ಲಿ ನಿಂತ ಹೆಸರು

ಅವತ್ತು ಬೆಳಿಗ್ಗೆ ನನ್ನ ಹೆಂಡತಿ ನನ್ನನ್ನು ಬೈಯಲಿಲ್ಲ.

ಕಾಯಿಲೆಯ ಮೊದಲ ಲಕ್ಷಣ ಅದೇ. ಆಸ್ಪತ್ರೆಯಲ್ಲಿ ಕೇಳಿದಾಗ ಕೈ ಜೋತುಬಿತ್ತು, ಬಾಯಿ ವಾರೆಯಾಯಿತು ಎಂದು ಹೇಳಿದೆವು. ಅದೂ ನಿಜ. ಆದರೆ ಅದಕ್ಕಿಂತ ಮೊದಲು ಆದದ್ದು ಇದು. ನಾನು ಗೋವಾದಲ್ಲಿ, ವೆರ್ಣಾದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಹೆಲ್ಪರ್. ಮೊದಲ ಪಾಳಿ ಇದ್ದಾಗ ಕಂಪನಿ ಬಸ್ಸು ಬೇಗ ಬರುತ್ತದೆ. ಬಾಗಿಲಲ್ಲಿ ಕೂತು ಚಪ್ಪಲಿ ಮೆಟ್ಟುತ್ತಿದ್ದೆ. ದಿನಾ ಆ ಹೊತ್ತಿಗೆ ಒಳಗಿನಿಂದ ಮಂಗಳಾರತಿ ಶುರುವಾಗುತ್ತದೆ. "ಡಬ್ಬಿ ಮರತ್ರಿ. ಛತ್ರಿ ಎಲ್ಲೈತಿ? ಬಸ್ಸೇನು ನಿಮ್ಮ ಮಾವನ ಮನೀದೇನು, ಕಾಯ್ಕೋತ ನಿಂದರಾಕ?" ಅವತ್ತು ಏನೂ ಕೇಳಿಸಲಿಲ್ಲ. ಮೊದಲು ಹಾಯೆನಿಸಿತು. ಆಮೇಲೆ ಹೆದರಿಕೆಯಾಯಿತು.

ತಿರುಗಿ ನೋಡಿದೆ. ಶಾಂತವ್ವ ಒಲೆಯ ಮುಂದೆ ನಿಂತು ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಯಾರದೋ ಕೈ ತಂದು ತನಗೆ ಹಚ್ಚಿದ್ದಾರೆ ಎಂಬಂತೆ ನೋಡುತ್ತಿದ್ದಳು. ಆ ಕೈಯಿಂದ ಚಹಾದ ಲೋಟ ಜಾರಿ ಬಿತ್ತು. "ಏನಾತು?" ಎಂದೆ. ಬಾಯಿ ತೆರೆದಳು. ಬಂದದ್ದು ಮಾತಲ್ಲ, ಬರೀ ಸದ್ದು. ಅವಳನ್ನು ಹಿಡಿದು ಕೂರಿಸಿ ಫೋನು ತೆಗೆದೆ. ಆಂಬುಲೆನ್ಸಿಗೆ ಹಚ್ಚಿದೆ. ಆ ಕಡೆಯಿಂದ ಯಾರೋ ಕೊಂಕಣಿಯಲ್ಲಿ ಕೇಳಿದರು.

ನಾನು ಫೋನನ್ನು ಅವಳ ಕೈಗೆ ಕೊಟ್ಟೆ.

ಹೌದು, ಶಾಂತವ್ವನಿಗೇ. ಅಷ್ಟು ವರ್ಷದ ರೂಢಿ. ಗ್ಯಾಸಿನವನ ಫೋನಿರಲಿ, ಮನೆ ಮಾಲೀಕನದಿರಲಿ, ನನ್ನ ಕಂಪನಿಯ ಸೂಪರ್‌ವೈಸರ್‌ದೇ ಇರಲಿ, ನಾನು ಎತ್ತುವುದು, ಅವಳಿಗೆ ಕೊಡುವುದು, ಅವಳು ಮಾತಾಡುವುದು. ನನ್ನ ಕೈ ಅವತ್ತೂ ತಾನಾಗಿ ಚಾಚಿತು. ಅವಳೂ ರೂಢಿಯಂತೆ ಎಡಗೈಯಲ್ಲಿ ಅದನ್ನು ಕಿವಿಗೆ ಹಿಡಿದಳು. "ಬ... ಬ..." ಎಂದಳು. ಕಣ್ಣಲ್ಲಿ ನೀರು ಬಂತು. ಪಕ್ಕದ ಖೋಲಿಯ ಕಾಶವ್ವ ಲೋಟದ ಸದ್ದಿಗೆ ಬಂದವಳು ಫೋನು ಕಸಿದುಕೊಂಡು ನಮ್ಮ ಗಲ್ಲಿಯ ಗುರುತು ಹೇಳಿದಳು.

ನಮ್ಮ ಸಂಸಾರದಲ್ಲಿ ಬಾಯಿ ಇದ್ದದ್ದು ಒಂದೇ. ಅದು ಅವಳದು. ಹೆಸರಿಗೆ ಶಾಂತವ್ವ, ಆದರೆ ನಾವಿರುವ ಝುವಾರಿನಗರದಲ್ಲಿ ಅವಳು ತರಕಾರಿ ಮಾರುವ ಸಾಲಿನಲ್ಲಿ ಅವಳ ದನಿ ಬಸ್ ಸ್ಟಾಪಿನವರೆಗೆ ಕೇಳುತ್ತಿತ್ತು. ಗೋವಾದ ಬಾಯಂದಿರ ಜೊತೆ ಕೊಂಕಣಿ, ಬಿಹಾರದ ಹುಡುಗರ ಜೊತೆ ಹಿಂದಿ, ಬೆಳಗಾವಿಯಿಂದ ಮಾಲು ತರುವವರ ಜೊತೆ ಮರಾಠಿ, ನನ್ನ ಜೊತೆ ಬೈಗಳ ಕನ್ನಡ. ಬಾಯಿದ್ದವ ಬರಗಾಲದಲ್ಲೂ ಬದುಕುತ್ತಾನೆ ಅಂತಾರಲ್ಲ, ನಾವು ವಿಜಯಪುರದ ಕಡೆಯಿಂದ ಬಂದು ಇಲ್ಲಿ ಬದುಕಿದ್ದು ಆ ಒಂದು ಬಾಯಿಯ ಮೇಲೆ.

ನಾನು ಹುಟ್ಟು ಮೂಕನಲ್ಲ. ಗೋವಾಕ್ಕೆ ಬಂದ ಹೊಸದರಲ್ಲಿ, ಕೆಲಸದ ಮೊದಲ ದಿನ, ನಾನು ಆಡಿದ ಹಿಂದಿ ಕೇಳಿ ಸ್ಟೋರಿನವರೆಲ್ಲ ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ ನನಗೆ ಅಷ್ಟೇ ಸಾಕಾಯಿತು. ಬಾಯಿ ಮುಚ್ಚಿದೆ. ಮಾತಾಡುವುದು ನನ್ನ ಕೈಲಾಗದ ಕೆಲಸ ಎಂದು ಒಂದು ಸಲ ಅಂದುಕೊಂಡ ಮೇಲೆ ಅದು ನಿಜವೇ ಆಗಿಬಿಟ್ಟಿತು. ಫ್ಯಾಕ್ಟರಿಯಲ್ಲಿ ನನ್ನನ್ನು "ಮಾಮಾ" ಅನ್ನುತ್ತಾರೆ. ಬಜಾರಿನಲ್ಲಿ "ಶಾಂತವ್ವನ ಗಂಡ". ನನ್ನ ಹೆಸರು ಏನೆಂದು ಈ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ ನನಗೇ ಗೊತ್ತಿಲ್ಲ.

ಸ್ಟ್ರೋಕ್, ಎಂದರು ಡಾಕ್ಟರು. ಸಿಟಿ ಸ್ಕ್ಯಾನಿನ ಕರಿ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ನಮ್ಮ ಮಗಳು ಲಕ್ಷ್ಮಿ ಕುಂಕಳ್ಳಿಯಿಂದ ಬಂದಿದ್ದಳು. ಅಳಿಯ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅವಳಿಗೆ ಮೊದಲ ಬಸಿರು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಅವಳು ನನಗೆ ಬಿಡಿಸಿ ಹೇಳಿದಳು.

"ಅಪ್ಪಾ, ಅವ್ವಗ ಎಲ್ಲಾ ತಿಳಿತೈತಂತ. ಬುದ್ಧಿ ಹೋಗಿಲ್ಲಂತ. ಹೇಳಾಕ ಶಬ್ದ ಸಿಗೂದಿಲ್ಲಂತ ಅಷ್ಟ."

ಅಷ್ಟೇ.

ಅದಕ್ಕೆ ಅಫೇಸಿಯಾ ಅನ್ನುತ್ತಾರಂತೆ. ಸಾಯಲಿಲ್ಲ, ಕಾಲು ಬಿದ್ದುಹೋಗಲಿಲ್ಲ, ಕೈ ಮೆಲ್ಲಗೆ ಬರುತ್ತದೆ ಎಂದರು. ಎಲ್ಲರೂ ಪುಣ್ಯ ಎಂದರು. ನಾನೂ ಗೋಣು ಹಾಕಿದೆ. ಆದರೆ ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಅವಳಿಗೆ ಮಾತು ಇಲ್ಲವೆಂದರೆ ನನಗೂ ಇಲ್ಲ. ಇನ್ನು ಈ ಊರಿನಲ್ಲಿ ನಮ್ಮಿಬ್ಬರನ್ನು ಕೇಳುವವರು ಯಾರು?

ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಯ ಹುಡುಗಿ ಕಾರವಾರದವಳು. ಕನ್ನಡ ಬರುತ್ತಿತ್ತು, ದೇವರು ದೊಡ್ಡವನು. ಪೆನ್ನು ತೋರಿಸಿದಳು, ಕೀಲಿಕೈ ತೋರಿಸಿದಳು. ಶಾಂತವ್ವ "ಅದ... ಅದ..." ಎಂದು ಒದ್ದಾಡಿದಳು. ಕೀಲಿಕೈ ತಿರುವುವಂತೆ ಕೈ ಮಾಡಿ ತೋರಿಸಿದಳು, ಹೆಸರು ಬರಲಿಲ್ಲ. ಕೊನೆಗೆ ಹುಡುಗಿ ನನ್ನ ಕಡೆ ಬೆರಳು ಮಾಡಿ ಕೇಳಿದಳು.

"ಇವರ ಹೆಸರೇನು, ಹೇಳಿ ನೋಡುವ?"

ಶಾಂತವ್ವ ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು. ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ಹುಡುಗಿ "ಇದೂ ಬರುವುದಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಬರುವುದಿಲ್ಲವೋ, ಹೇಳುವುದಿಲ್ಲವೋ? ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಚಿಕ್ಕಂದಿನಲ್ಲೇ ಕಿವಿಗೆ ಹಾಕಿರುತ್ತಾರೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡುತ್ತಾರೆ. ಒಡಪು ಹೇಳುವಾಗ ಮಾತ್ರ ರಿಯಾಯಿತಿ. ಮದುವೆ, ಬಸುರಿಗೆ ಮಾಡುವ ಕುಬಸ, ಇಂಥ ಕಾರ್ಯಗಳಲ್ಲಿ ಹೆಂಗಸರೆಲ್ಲ ಸೇರಿ ಒಬ್ಬೊಬ್ಬರನ್ನೂ ಕಾಡಿಸುತ್ತಾರೆ. ಆಗ ಪ್ರಾಸದ ಎರಡು ಸಾಲು ಕಟ್ಟಿ, ಅದರ ನಡುವೆ ಗಂಡನ ಹೆಸರು ಅಡಗಿಸಿ ಹೇಳಬೇಕು. ಶಾಂತವ್ವ ಅದರಲ್ಲಿ ಗಟ್ಟಿಗಿತ್ತಿ. ಬಂದರದ ಕಡೆ ಹೋಗಿ ಹಡಗು ನೋಡಿ ಬಂದ ಮೇಲೆ ಒಂದನ್ನು ತಾನೇ ಕಟ್ಟಿದ್ದಳು. ಝುವಾರಿನಗರದ ನಮ್ಮ ಜನರಿಗೆಲ್ಲ ಅದು ಬಾಯಿಪಾಠವಾಗಿತ್ತು.

"ಹಡಗ ಬಂದು ನಿಂತೈತಿ, ಲಂಗರ ಬಿಟ್ಟಾರ ನೀರಿಗಿ,
ಹನಮಪ್ಪನವರು ಬಂದ್ರ ಸಾಕ, ಬೆಳಕ ಬರತೈತಿ ಮನಿಗಿ."

ಹನಮಪ್ಪ ನಾನೇ. ಬೆಳಕಿನ ಮಾತು ಬಿಡಿ, ಅದು ಪ್ರಾಸಕ್ಕಾಗಿ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಈ ಪದ್ಧತಿಯನ್ನು ಆ ಹುಡುಗಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ನಾನು ಹೇಳಿದ್ದು ತಪ್ಪಾದರೆ? ಓದಿದವರ ಮುಂದೆ ನನ್ನದೇನು? ಆ ಅಳುಕು ನನ್ನ ಹಳೆಯ ಕಾಯಿಲೆ. ಅದಕ್ಕೆ ಸ್ಕ್ಯಾನ್ ಇಲ್ಲ.

ಮನೆಗೆ ಬಂದ ಮೇಲೆ ಶಾಂತವ್ವ ಹೊಸ್ತಿಲು ದಾಟುವುದನ್ನು ಬಿಟ್ಟಳು. "ಹೆಂಗದಿಯವಾ?" ಎಂದು ಯಾರಾದರೂ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನೀರು ಬೇಕೆಂದು ಕೈ ಮಾಡುವಳು, ನಾನು ಚಾದರ ಹೊದಿಸುವೆ. ಸಿಟ್ಟು ಬಂದು ತಾಟು ಎಸೆಯುವಳು. ಎಸೆದು ತಾನೇ ಅಳುವಳು. ಅವಳು ಅತ್ತದ್ದನ್ನು ನಾನು ಅಷ್ಟಾಗಿ ನೋಡಿದವನಲ್ಲ. ದುಃಖವಾದರೂ ಬೈದೇ ತೀರಿಸಿಕೊಳ್ಳುವ ಹೆಂಗಸು. ಬೈಗಳಿಲ್ಲದ ಮನೆಯಲ್ಲಿ ನನಗೆ ಅನ್ನ ಇಳಿಯಲಿಲ್ಲ.

ಬಜಾರಿನಲ್ಲಿ ಅವಳ ಜಾಗ ಖಾಲಿ ಬಿದ್ದಿತ್ತು. ಖಾಲಿ ಜಾಗ ಅಲ್ಲಿ ಬಹಳ ದಿನ ಖಾಲಿ ಇರುವುದಿಲ್ಲ. ರಜೆ ಹಾಕಿ ನಾನೇ ಹೋಗಿ ಕೂತೆ. ಆ ಹೊತ್ತಿಗೆ ಕಾಶವ್ವ ಮನೆಯಲ್ಲಿ ಇವಳ ಬಳಿ ಇರುತ್ತಿದ್ದಳು.

ಮೊದಲ ದಿನ ನಾನು ಬಾಯಿ ಬಿಡಲಿಲ್ಲ. ಮೆಂತ್ಯೆ ಸೊಪ್ಪು ನನ್ನ ಮುಂದೆಯೇ ಬಾಡಿತು. ದಿನಾ ಅವಳ ಬಳಿ ಕೊಳ್ಳುತ್ತಿದ್ದ ಗೋವಾದ ಮುದುಕಿಯೊಬ್ಬಳು ನಿಂತು "ಬಾಯ್ ಖಂಯ್ ಗೆಲಿ?" ಎಂದು ಕೇಳಿದಳು. ಇಲ್ಲಿ ಕೂರುತ್ತಿದ್ದ ಬಾಯಿ, ಅಂದರೆ ಹೆಂಗಸು, ಎಲ್ಲಿ ಹೋದಳು ಅಂತ. ನನಗೆ ಅರ್ಥವಾಯಿತು. ಇಷ್ಟು ವರ್ಷ ಕಿವಿ ಅಂತೂ ತೆರೆದೇ ಇತ್ತಲ್ಲ. "ಮ್ಹಜಿ ಬಾಯಲ..." ಎಂದು ಶುರುಮಾಡಿದೆ. ನನ್ನ ಹೆಂಡತಿ. ಮುಂದಿನದು ಬರಲಿಲ್ಲ. ಮುದುಕಿ ನಗಲಿಲ್ಲ. ಬುಟ್ಟಿ ಕೆಳಗಿಟ್ಟು ಕಾದಳು. ನಾನು ತಲೆ ಮುಟ್ಟಿ, ಬಾಯಿ ಮುಟ್ಟಿ, ಕನ್ನಡ ಹಿಂದಿ ಕೊಂಕಣಿ ಎಲ್ಲ ಕಲಸಿ ಹೇಳಿ ಮುಗಿಸಿದೆ. ಅವಳು ಎದೆಯ ಮೇಲೆ ಕ್ರೂಸಿನ ಗುರುತು ಮಾಡಿಕೊಂಡು, ಬಾಡಿದ ಮೆಂತ್ಯೆಯನ್ನೇ ಎರಡು ಕಟ್ಟು ಒಯ್ದಳು.

ಅವತ್ತು ಮನೆಗೆ ಬರುವಾಗ ಯೋಚಿಸಿದೆ. ನನ್ನ ಮಾತು ಕೆಟ್ಟದಾಗಿಯೇ ಇತ್ತು, ಆದರೂ ಅದು ಕೆಲಸ ಮಾಡಿತು. ಮಾತು ಚಂದ ಇರಬೇಕೆಂದು ಯಾರು ಹೇಳಿದ್ದರು? ನಾನೇ. ಇಷ್ಟು ದಿನ ನನ್ನನ್ನು ನೋಡಿ ನಕ್ಕವನು ಬೇರೆ ಯಾರೂ ಅಲ್ಲ, ನಾನೇ ಇರಬೇಕು ಅನಿಸಿ ನಾಚಿಕೆಯಾಯಿತು. ಅದೂ ಹೆಂಡತಿಯ ಮಾತು ಹೋದ ಮೇಲೆ ಈ ಬುದ್ಧಿ ಬಂತಲ್ಲ.

ಆಮೇಲೆ ಮೆಲ್ಲಗೆ ಬಾಯಿ ಸಡಿಲವಾಯಿತು. ಭೆಂಡೆ, ಟೊಮೆಟೊ ಎಂದು ಕೂಗಿದೆ. ಮನೆ ಮಾಲೀಕನಿಗೆ ನಾನೇ ಫೋನು ಮಾಡಿದೆ. ಸೂಪರ್‌ವೈಸರನ್ನು ಕಂಡು ಮಧ್ಯಾಹ್ನದ ಮೇಲಿನ ಎರಡನೇ ಪಾಳಿ ಕೇಳಿ ಪಡೆದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳುವ ಮೊದಲೇ ಹೇಳತೊಡಗಿದೆ. ಶಾಂತವ್ವನಿಗೆ ಏನು ಬೇಕು, ಏನು ನೋವು, ಎಲ್ಲ ನಾನೇ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೆಮ್ಮೆಯೂ ಬಂದಿತ್ತು.

ಒಂದು ದಿನ ಕಾರವಾರದ ಹುಡುಗಿ ಲೋಟ ತೋರಿಸಿದಳು. "ಲೋಟ," ಎಂದೆ ನಾನು.

ಹುಡುಗಿ ಲೋಟ ಕೆಳಗಿಟ್ಟಳು. "ಕಾಕಾ, ನಾನು ಅವ್ರನ್ನ ಕೇಳಿದ್ದು."

"ಅಕೀಗ ಬರೂದಿಲ್ಲಲ್ರಿ, ಅದಕ್ಕ..."

"ಬರುವ ಮೊದಲೇ ನೀವು ಹೇಳಿಬಿಟ್ರೆ ಅವ್ರು ಯಾವಾಗ ಹುಡುಕೂದು? ನೀವು ಸುಮ್ಮನಿರ್ಬೇಕು. ಎಷ್ಟು ಕಷ್ಟ ಆದ್ರೂ ಕಾಯ್ಬೇಕು. ಅವ್ರ ಮುಖ ನೋಡ್ತಾ ಕಾಯ್ಬೇಕು."

ನಾನು ಶಾಂತವ್ವನನ್ನು ನೋಡಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ತನ್ನ ಕೆಲಸವನ್ನೆಲ್ಲ ಬೇರೆಯವರು ಮಾಡಿ ಮುಗಿಸಿದ ಮೇಲೆ ಕೂತವರ ಮುಖ ಅದು. ನನಗೆ ಆ ಮುಖದ ಪರಿಚಯವಿತ್ತು. ಇಷ್ಟು ವರ್ಷ ಅದು ನನ್ನದಾಗಿತ್ತು. ಜೀವಮಾನವೆಲ್ಲ ಸುಮ್ಮನಿದ್ದು, ಕಷ್ಟಪಟ್ಟು ಬಾಯಿ ಬಿಡಲು ಕಲಿತವನಿಗೆ ಈಗ ಮತ್ತೆ ಸುಮ್ಮನಿರು ಅನ್ನುತ್ತಿದ್ದಾರೆ. ಮೊದಲು ಹೆದರಿ ಸುಮ್ಮನಿರುತ್ತಿದ್ದೆ. ಅದು ಸಲೀಸು. ಹೇಳಲು ಬಂದಾಗಲೂ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅಲ್ಲಿಂದ ಮುಂದೆ ತಿಳಿಯಿತು.

ಅವತ್ತೇ ನಾನು ಹೆಸರಿನ ಪದ್ಧತಿಯನ್ನೂ ಹುಡುಗಿಗೆ ಹೇಳಿದೆ. ಅವಳು ನಕ್ಕು, ಅಯ್ಯೋ, ನಮ್ಮ ಅಜ್ಜಿಯೂ ಹಾಗೇ, ಮೊದಲೇ ಹೇಳಬಾರದಿತ್ತಾ ಎಂದಳು.

ಒಂದು ಬೆಳಿಗ್ಗೆ ನಿಂಬೆಹಣ್ಣಿನ ಗುಡ್ಡೆ ಮಾಡುತ್ತಿದ್ದೆ. "ಒಂದ, ಎರಡ..." ಎಂದು ಎಣಿಸಿದೆ. ಹಾಸಿಗೆಯ ಕಡೆಯಿಂದ ದನಿ ಬಂತು.

"ಲಾಭ."

ನಮ್ಮಲ್ಲಿ ಎಣಿಸುವಾಗ, ಅಳೆಯುವಾಗ ಒಂದು ಅನ್ನುವುದಿಲ್ಲ. ಲಾಭ ಎಂದು ಶುರುಮಾಡುತ್ತೇವೆ. ನಾನು ಮರೆತಿದ್ದೆ. ಅವಳಿಂದ ತಡೆಯಲಾಗಲಿಲ್ಲ. "ಲಾಭ, ಎರಡ, ಮೂರ, ನಾಕ..." ಎಂದು ಹತ್ತರವರೆಗೆ ಹೋಯಿತು. ನಾನು ನಿಂಬೆಹಣ್ಣು ಬಿಟ್ಟು ಓಡಿ ಹೋಗಿ ಅವಳ ಕೈ ಹಿಡಿದುಕೊಂಡೆ. "ಇನ್ನೊಮ್ಮಿ ಅನ್ನು," ಎಂದೆ. ಬೇಕೆಂದು ಹೇಳಲು ಹೋದರೆ ಬರಲಿಲ್ಲ. ಅವಳ ಮುಖ ಕಪ್ಪಿಟ್ಟಿತು.

ಬಾಯಿಪಾಠ ಇದ್ದದ್ದು, ಹಾಡು, ಎಣಿಕೆ, ಇವು ಕೆಲವರಿಗೆ ತಾವಾಗಿ ಬರುತ್ತವೆ ಎಂದು ಥೆರಪಿಯ ಹುಡುಗಿ ಹೇಳಿದಳು. ಆಸೆ ಇಟ್ಟುಕೊಳ್ಳಿ, ಹಟ ಮಾಡಬೇಡಿ ಎಂದಳು.

ಲಕ್ಷ್ಮಿಗೆ ಏಳು ತಿಂಗಳು ತುಂಬಿದಾಗ ನಮ್ಮ ಮನೆಯಲ್ಲೇ ಕುಬಸ ಮಾಡಿದೆವು. ಬೇಡ ಎಂದು ಶಾಂತವ್ವ ಕೈ ಆಡಿಸಿದಳು. ಹೆಂಗಸರು ಬರುತ್ತಾರೆ, ಒಡಪು ಕೇಳುತ್ತಾರೆ. ಮಗಳು ತಾಯಿಯ ಮಡಿಲಲ್ಲಿ ತಲೆಯಿಟ್ಟು "ಅವ್ವಾ, ನೀ ಬರೇ ಕುಂಡ್ರು. ನೀ ಇದ್ರ ಸಾಕು" ಎಂದಳು. ಅದಕ್ಕೆ ಮಾತಿನ ಅಗತ್ಯವಿರಲಿಲ್ಲ. ಶಾಂತವ್ವ ಅವಳ ತಲೆ ನೇವರಿಸಿದಳು.

ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಅಕ್ಕಿ, ಹೋಳಿಗೆಯ ಘಮ. ಖೋಲಿ ತುಂಬ ಹೆಂಗಸರು. ನಾನು ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಳಗಿನದೆಲ್ಲ ಕಾಣುತ್ತಿತ್ತು. ಒಡಪು ಶುರುವಾಯಿತು. ಒಬ್ಬೊಬ್ಬರಾಗಿ ಹೇಳಿದರು, ನಕ್ಕರು, ಕಾಡಿಸಿದರು. ಸರದಿ ಕಾಶವ್ವನಿಗೆ ಬಂತು. ಅವಳ ಪಕ್ಕ ಶಾಂತವ್ವ. ಕಾಶವ್ವ ಹೇಳಿ ಮುಗಿಸಿ, ಶಾಂತವ್ವನ ಆಚೆ ಕೂತವಳಿಗೆ "ಇನ್ನ ನೀ ಹೇಳವಾ" ಎಂದಳು.

ಅವಳನ್ನು ದಾಟಿ ಹೋದರು.

ಪ್ರೀತಿಯಿಂದಲೇ ಮಾಡಿದ್ದು. ನಾಚಿಕೆಯಾಗದಿರಲಿ ಎಂದು ಮಾಡಿದ್ದು. ಆದರೆ ನನ್ನ ಎದೆಗೆ ಒದ್ದಂತಾಯಿತು. ಶಾಂತವ್ವ ಎಡಗೈಯಿಂದ ನೆಲ ಬಡಿದಳು. ಬಳೆ ಸದ್ದಾಯಿತು. ಎಲ್ಲರೂ ತಿರುಗಿದರು. ಅವಳು ಕಣ್ಣು ಮುಚ್ಚಿ ಮೈ ತೂಗಿದಳು.

"ಹಡಗ ಬಂದು ನಿಂತೈತಿ, ಲಂಗರ ಬಿಟ್ಟಾರ ನೀರಿಗಿ..."

ಒಂದೂ ತಪ್ಪದೆ, ಹಳೆಯ ದನಿಯಲ್ಲೇ ಬಂತು. ಲಕ್ಷ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮುಂದೆ ಹೆಸರು ಬರಬೇಕು. ಬರಲಿಲ್ಲ. ಶಾಂತವ್ವ ಕಣ್ಣು ತೆರೆದಳು. ತುಟಿಗಳು ಆಡಿದವು. ಹಣೆಯಲ್ಲಿ ಬೆವರು ಮೂಡಿತು. ತಡೆಯಲಾರದೆ ಕಾಶವ್ವ ನನ್ನ ಕಡೆ ತಿರುಗಿ "ಅಣ್ಣಾರ, ನೀವರ ಹೇಳಿ ಬಿಡ್ರಿ. ಪಾಪ, ಎಷ್ಟ ಒದ್ದಾಡತಾಳ" ಎಂದಳು.

ನನ್ನ ಹೆಸರು. ನನ್ನ ಬಾಯಲ್ಲೇ ಇತ್ತು. ಹೇಳಿದರೆ ಎಲ್ಲರಿಗೂ ನಿರಾಳ, ಅವಳಿಗೂ. ಹೇಳದಿದ್ದರೆ, ಅದು ಅವಳಿಗೆ ಸಿಗದಿದ್ದರೆ, ಇಷ್ಟು ಜನರ ಮುಂದೆ ಅವಳು ಬೀಳುತ್ತಾಳೆ, ಬೀಳಿಸಿದವನು ನಾನಾಗುತ್ತೇನೆ. ಹಳೆಯ ಹನಮಪ್ಪನಾಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದ. ನಾನು ಎದ್ದೆ, ಆದರೆ ಒಳಗೆ ಹೋದೆ. ಹೆಂಗಸರ ನಡುವೆ, ಹೊಸ್ತಿಲ ಒಳಗೆ, ಅವಳಿಗೆ ಕಾಣುವಂತೆ ಕೂತೆ. "ಹೇಳತಾಳ, ಕಾಯ್ರಿ," ಎಂದೆ. ಅಷ್ಟು ಜನ ಹೆಂಗಸರ ಮುಂದೆ ನಾನು ಹೇಳಿದ ಮೊದಲ ಮಾತು ಅದು. ಆಮೇಲೆ ಬಾಯಿ ಮುಚ್ಚಿ ಅವಳ ಮುಖ ನೋಡುತ್ತಾ ಕಾದೆ.

"ಹ..." ಎಂದಳು. "ಹನ... ಹನಮ..."

ನಾನು ತಲೆಯನ್ನೂ ಆಡಿಸಲಿಲ್ಲ.

"ಹನಮಪ್ಪ."

ಅದರ ಮುಂದಿನ 'ನವರು' ಬರಲಿಲ್ಲ. ಬೆಳಕು ಬರುವ ಸಾಲೂ ಬರಲಿಲ್ಲ, ಅದು ಅಲ್ಲಿಗೇ ನಿಂತಿತು. ಯಾರಿಗೂ ಅದು ಬೇಕಾಗಿರಲಿಲ್ಲ. ಕಾಶವ್ವ ಗೋಡೆಗೆ ಮುಖ ಮಾಡಿ ಅತ್ತಳು. ಶಾಂತವ್ವ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಇದಾಗಿ ಕೆಲವು ತಿಂಗಳಾದವು. ಲಕ್ಷ್ಮಿಗೆ ಹೆಣ್ಣುಮಗು. ಮುಂದಿನದೆಲ್ಲ ಸರಾಗವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಶಾಂತವ್ವನಿಗೆ ಬೇಕೆಂದಾಗ ಹೇಳಲು ಸಿಗುವ ಶಬ್ದ ಇವತ್ತಿಗೂ ಒಂದೇ, ನನ್ನ ಹೆಸರು. ನೀರು ಬೇಕಾದರೂ ಅದೇ, ಕಾಲು ನೋವಾದರೂ ಅದೇ. ಮೊಮ್ಮಗಳನ್ನು ಎತ್ತಿಕೊಂಡರೆ ಆ ಕೂಸಿಗೂ ಅದೇ ಹೆಸರು. ಹೀಗೂ ಆಗುತ್ತದೆ, ಇನ್ನಷ್ಟು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಹೊಸ ಶಬ್ದಕ್ಕಾಗಿ ನಾನು ಪಾಳಿಗೆ ಹೋಗುವ ಮೊದಲು ನಾವಿಬ್ಬರೂ ದಿನಾ ಲೋಟ, ಕೀಲಿಕೈ ಮುಂದಿಟ್ಟುಕೊಂಡು ಕೂರುತ್ತೇವೆ. ಕೆಲವು ದಿನ ಇಬ್ಬರೂ ಅಳುತ್ತೇವೆ. ಅವಳ ಬೈಗಳು ಇಲ್ಲದ ಬೆಳಗು ನನಗೆ ಇನ್ನೂ ಒಗ್ಗಿಲ್ಲ.

ಬೆಳಿಗ್ಗೆ ಬಜಾರಿಗೆ ಅವಳೂ ಬರುತ್ತಾಳೆ. ಗಿರಾಕಿ ಬಂದರೆ ನಾನು ದರ ಹೇಳುತ್ತೇನೆ, ಅವಳು ಎಡಗೈಯಲ್ಲಿ ಸೊಪ್ಪಿನ ಕಟ್ಟು ಆರಿಸಿ ಕೊಡುತ್ತಾಳೆ. ನಾನು ಸ್ವಲ್ಪ ಆಚೆ ಹೋದರೆ ಸಾಲಿನ ಆ ತುದಿಗೆ ಕೇಳುವಂತೆ ಕೂಗುತ್ತಾಳೆ. "ಹನಮಪ್ಪಾ!" ಮೊದಮೊದಲು ಪಕ್ಕದವರು ನಕ್ಕರು. ಈಗ ಅವರೂ ನನ್ನನ್ನು ಹನಮಪ್ಪ ಎಂದೇ ಕರೆಯುತ್ತಾರೆ. ಮೆಂತ್ಯೆ ಕೊಂಡ ಗೋವಾದ ಮುದುಕಿಯ ಬಾಯಲ್ಲೂ ಅದೇ.

ಕೂಗಿದ ಮೇಲೆ ಒಂದೊಂದು ಸಲ ಅವಳಿಗೆ ನೆನಪಾಗುತ್ತದೆ. ಗಾಬರಿಯಾಗಿ ಎಡಗೈಯಿಂದ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾಳೆ, ನನ್ನ ಆಯಸ್ಸಿನ ಚಿಂತೆ. ನಾನು ಆ ಕೈ ಹಿಡಿದು ಕೆಳಗಿಡುತ್ತೇನೆ. ಕಮ್ಮಿಯಾದರೆ ಆಗಲಿ ಬಿಡು ಅನ್ನುತ್ತೇನೆ. ಅವಳು ಮತ್ತೆ ಕರೆಯುತ್ತಾಳೆ, ನಾನು ಓ ಅನ್ನುತ್ತೇನೆ.